ಹೊಳೆ ನಡುಗಡ್ಡೆಯಲ್ಲಿ ಟೆಂಟ್, ಐನ್‌ಮನೆ ಅಂಗಳದಲ್ಲಿ ಕುಣಿತ: ಒಪ್ಪಬಹುದೇ?

ಓದುಗರ ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆ, ಕಾವೇರಿ ಹೊಳೆ ಪಕ್ಕದ ಊರು. ಐದು ಎಕರೆ ಕಾಫಿ ತೋಟ, ಸ್ವಲ್ಪ ಗದ್ದೆ ಇದೆ. ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಿದ್ದೇವೆ. ಈಗ ಬೆಂಗಳೂರಿನ ಒಬ್ಬ ಟೂರ್ ಏಜೆಂಟ್ ಬಂದು, ಪ್ರತಿ ವಾರಾಂತ್ಯ 40 ಜನರನ್ನು ಕಳಿಸುತ್ತೇನೆ, ತಲೆಗೆ 900 ರೂಪಾಯಿ ಕೊಡುತ್ತೇನೆ ಎನ್ನುತ್ತಿದ್ದಾರೆ. ನಮ್ಮ ಗದ್ದೆ ಎದುರಿಗಿರುವ ಹೊಳೆ ನಡುಗಡ್ಡೆಯಲ್ಲಿ 15 ಟೆಂಟ್ ಹಾಕಬೇಕಂತೆ. ರಾತ್ರಿ ನಮ್ಮ ಒಕ್ಕದ (ಕುಲದ) ಐನ್‌ಮನೆ, ಅಂದರೆ ಮೂಲಮನೆಯ ಅಂಗಳದಲ್ಲಿ ಉಮ್ಮತ್ತಾಟ್, ಬೊಳಕಾಟ್ ಕುಣಿತ ತೋರಿಸಬೇಕು. ಬೆಳಿಗ್ಗೆ ದೇವರಕಾಡಿನೊಳಗೆ ನಡಿಗೆ, ಆಮೇಲೆ ಪಕ್ಕದ ಹಾಡಿಗೆ (ಬುಡಕಟ್ಟು ಜನರ ಕೇರಿಗೆ) ಭೇಟಿ. ಮಗ ಮಾಲ್ದೀವ್ಸ್ ನೋಡಿ ಬಂದವನು. ‘ಅಷ್ಟು ಚಿಕ್ಕ ದ್ವೀಪಗಳೇ ಪ್ರವಾಸಿಗರಿಂದ ಬದುಕುತ್ತಿವೆ, ನಮಗೇನು ಕಷ್ಟ?’ ಎನ್ನುತ್ತಾನೆ. ಮಾವನಿಗೆ ವಿಪರೀತ ಕೋಪ ಬಂದಿದೆ. ‘ಐನ್‌ಮನೆ ಏನು ಟಾಕೀಸಾ?’ ಎಂದು ಕೇಳುತ್ತಾರೆ. ಮನೆಯಲ್ಲಿ ಮಾತುಕತೆಯೇ ನಿಂತಿದೆ. ಬ್ಯಾಂಕ್ ಸಾಲ ಬೇರೆ ಇದೆ. ಇಬ್ಬರಲ್ಲಿ ಯಾರ ಮಾತು ಸರಿ? ಒಪ್ಪಂದಕ್ಕೆ ಸಹಿ ಹಾಕಲೇ?

ಉತ್ತರ: ಈಗ ಇರುವ ಹಾಗೆ ಸಹಿ ಹಾಕಬೇಡಿ. ಆದರೆ ಪ್ರವಾಸಿಗರೇ ಬೇಡ ಎಂದೂ ನಾನು ಹೇಳುವುದಿಲ್ಲ. ನಿಮ್ಮ ಮಗ ದ್ವೀಪಗಳ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. ಚಿಕ್ಕ ದ್ವೀಪಗಳು ಈ ವಿಷಯದಲ್ಲಿ ಐವತ್ತು ವರ್ಷಗಳಿಂದ ಪಾಠ ಕಲಿತಿವೆ. ಕೆಲವು ಪಾಠಕ್ಕೆ ತುಂಬಾ ದುಬಾರಿ ಬೆಲೆಯನ್ನೂ ಕೊಟ್ಟಿವೆ. ಅವರು ಏನು ಮಾಡಿದರು ಎಂದು ಸರಿಯಾಗಿ ನೋಡಿದರೆ ನಿಮ್ಮ ಮಾವನ ಕೋಪಕ್ಕೂ ಅರ್ಥ ಸಿಗುತ್ತದೆ, ಮಗನ ಆಸೆಗೂ ಒಂದು ದಾರಿ ಸಿಗುತ್ತದೆ.

ಮಾಲ್ದೀವ್ಸ್‌ನಿಂದಲೇ ಶುರು ಮಾಡೋಣ. ಅಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಆಗಿನಿಂದ ಅವರು ಹಿಡಿದ ದಾರಿ ಏನೆಂದರೆ, ಜನ ವಾಸ ಇಲ್ಲದ ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ಪ್ರವಾಸಿಗರು ಅಲ್ಲಿ, ಊರಿನವರು ಇಲ್ಲಿ. ಜನ ವಾಸಿಸುವ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ದಾರಿ ಬಿಟ್ಟದ್ದು 2009ರಿಂದ ಈಚೆಗೆ. ಇವತ್ತಿಗೂ ಅಂಥ ಊರುಗಳಲ್ಲಿ ಮದ್ಯ ಇಲ್ಲ. ಈಜುಡುಗೆ ಹಾಕಿಕೊಂಡು ಓಡಾಡಲು ಬೇರೆಯೇ ಕಡಲತೀರ ಗುರುತು ಮಾಡಿರುತ್ತಾರೆ. ನಿಮ್ಮ ಮಗ ನೋಡಿದ ನೀಲಿ ನೀರು, ಬಿಳಿ ಮರಳಿನ ಹಿಂದೆ ಇಷ್ಟು ಬಿಗಿ ನಿಯಮ ಇದೆ. ಅವರು ತಮ್ಮ ಮಸೀದಿಯ ಅಂಗಳವನ್ನು ಪ್ಯಾಕೇಜಿಗೆ ಸೇರಿಸಿ ಹಣ ಮಾಡಲಿಲ್ಲ. ನಿಮ್ಮ ಏಜೆಂಟ್ ಕೇಳುತ್ತಿರುವುದು ಮಾಲ್ದೀವ್ಸ್ ದಾರಿಗೆ ಪೂರ್ತಿ ಉಲ್ಟಾ. ಮೊದಲ ರಾತ್ರಿಯೇ 40 ಅಪರಿಚಿತರು ನೇರ ಐನ್‌ಮನೆ ಅಂಗಳಕ್ಕೆ ಬರಬೇಕು ಎಂದು ಅವರ ಲೆಕ್ಕ.

ಅವರ ದಾರಿಯಲ್ಲೂ ತೊಂದರೆ ಇದೆ. ಹಲವು ದಶಕ ರೆಸಾರ್ಟ್ ದ್ವೀಪದ ಲಾಭ ರೆಸಾರ್ಟ್‌ನವರಿಗೇ ಹೋಯಿತು, ಊರಿನ ಸಾಮಾನ್ಯ ಮನೆಗೆ ಸಿಕ್ಕಿದ್ದು ಸಂಬಳದ ಕೆಲಸ ಮಾತ್ರ. ಅತಿಥಿಗೃಹಗಳಿಗೆ ಅನುಮತಿ ಕೊಟ್ಟಿದ್ದು ಇದೇ ಕೊರತೆ ತುಂಬಲು. ಕಸ ಸುರಿಯಲೆಂದೇ ತಿಲಾಫುಶಿ ಎಂಬ ಒಂದು ದ್ವೀಪ ಮೀಸಲಿಡಬೇಕಾಯಿತು. ನೀರಿನ ಕಥೆ ಇನ್ನೂ ಗಂಭೀರ. 2014ರ ಡಿಸೆಂಬರ್‌ನಲ್ಲಿ ರಾಜಧಾನಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿತ್ತು. ಇಡೀ ನಗರಕ್ಕೆ ಕುಡಿಯಲು ನೀರಿಲ್ಲ. ಭಾರತ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿತು. ಸುತ್ತ ಸಮುದ್ರ ಇದ್ದರೂ ಕುಡಿಯುವ ನೀರಿಗೆ ಒಂದೇ ಮೂಲವನ್ನು ನೆಚ್ಚಿಕೊಂಡರೆ ಹೀಗಾಗುತ್ತದೆ.

ನಮ್ಮದೇ ಲಕ್ಷದ್ವೀಪದ ಮಾತು ಕೇಳಿ. ಅಲ್ಲಿ 36 ದ್ವೀಪಗಳಿವೆ, ಜನ ಇರುವುದು 10ರಲ್ಲಿ ಮಾತ್ರ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಅಲ್ಲಿನ ಬಾವಿಯಲ್ಲಿ ಸಿಗುವ ಸಿಹಿನೀರು ಎಂದರೆ ಮಳೆನೀರು ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುವ ಒಂದು ಪದರ. ಪಂಪ್ ಹಾಕಿ ಜೋರಾಗಿ ಎಳೆದರೆ ಅಡಿಯಿಂದ ಉಪ್ಪುನೀರು ಮೇಲೆ ಬರುತ್ತದೆ. ಒಮ್ಮೆ ಬಂದರೆ ಬಾವಿ ಸರಿಹೋಗಲು ಬಹಳ ಕಾಲ ಬೇಕು. ಪಕ್ಕದಲ್ಲಿ ಶೌಚದ ಗುಂಡಿ ಇದ್ದರೆ ಆ ಪದರ ಕೆಡುವುದೂ ಅಷ್ಟೇ ಬೇಗ. ಹಾಗಾಗಿ ಅಲ್ಲಿ ಒಂದು ಹೊಸ ಹೋಟೆಲ್ ಎಂದರೆ ಊರಿನ ಬಾವಿಗಳ ಪ್ರಶ್ನೆಯೂ ಹೌದು.

‘ನಮಗೇನು, ಕೊಡಗಿನಲ್ಲಿ ಬೇಕಾದಷ್ಟು ಮಳೆ’ ಎಂದು ಅನ್ನಿಸಬಹುದು. ನಾನು ಕೇಳುವ ತಪ್ಪು ಕಲ್ಪನೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮಳೆ ಬರುವ ತಿಂಗಳು ಬೇರೆ, ನೀರು ಬೇಕಾಗುವ ತಿಂಗಳು ಬೇರೆ. ಜುಲೈನಲ್ಲಿ ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೇ ನೀರು ಹರಿಯುತ್ತದೆ. ಅದೇ ಕಾವೇರಿಯನ್ನು ಬೇಸಿಗೆಯಲ್ಲಿ ದುಬಾರೆ ಹತ್ತಿರ ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಬಿಡಿಸುವ ಮಳೆ) ಕೈಕೊಟ್ಟರೆ ಎಲ್ಲರೂ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಅದರ ಹಿಂದೆಯೇ ಶಾಲೆಗಳಿಗೆ ರಜೆ ಸಿಕ್ಕಿ ಪ್ರವಾಸಿಗರ ದಂಡು ಬರುತ್ತದೆ. ತೋಟ, ಮನೆ, ಹೋಂಸ್ಟೇ ಮೂರೂ ಒಂದೇ ಸಮಯಕ್ಕೆ ನೀರು ಕೇಳುತ್ತವೆ. ಈ ಮಟ್ಟಿಗೆ ನಿಮ್ಮ ಊರು ದ್ವೀಪವೇ.

ಲೆಕ್ಕ ಹಾಕಿ ನೋಡಿ. ಸ್ನಾನ, ಶೌಚ, ಅಡುಗೆ, ಹಾಸಿಗೆ ಬಟ್ಟೆ ಒಗೆಯುವುದು ಎಲ್ಲಾ ಸೇರಿ ಒಬ್ಬ ಅತಿಥಿಗೆ ದಿನಕ್ಕೆ 200 ಲೀಟರ್ ಎಂದು ಇಟ್ಟುಕೊಳ್ಳಿ. 40 ಜನಕ್ಕೆ 8,000 ಲೀಟರ್. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ಇಟ್ಟಿರುವ ಗುರಿ ದಿನಕ್ಕೆ 55 ಲೀಟರ್. ಅಂದರೆ ನಿಮ್ಮ 40 ಅತಿಥಿಗಳು ಸುಮಾರು 145 ಊರಿನವರ ನೀರು ಬಳಸುತ್ತಾರೆ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಒಂದು ಮೀಟರ್ ನೀರು ಎಂದರೆ ಸುಮಾರು 3,100 ಲೀಟರ್. ನಿಮ್ಮದು ಆ ಅಳತೆಯ ಬಾವಿಯಾದರೆ ಶನಿವಾರ ಒಂದೇ ದಿನ ಎರಡೂವರೆ ಮೀಟರ್ ಇಳಿಯಬೇಕು. ಏಪ್ರಿಲ್‌ನಲ್ಲಿ ನಿಮ್ಮ ಬಾವಿಯಲ್ಲಿ ಅಷ್ಟು ನೀರು ನಿಂತಿರುತ್ತದಾ?

ಇದನ್ನು ಊಹೆಯಲ್ಲಿ ಬಿಡಬೇಡಿ, ಅಳೆಯಿರಿ. ಏಪ್ರಿಲ್‌ನ ಒಂದು ಬೆಳಿಗ್ಗೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಡಿ. ನೀರಿನ ಮಟ್ಟ ಬರೆದಿಡಿ. ಒಂದು ಗಂಟೆ ಪಂಪ್ ಓಡಿಸಿ ಮತ್ತೆ ಅಳೆಯಿರಿ. ಆಮೇಲೆ ಪಂಪ್ ಮುಟ್ಟದೆ, ನೀರು ಹಳೆಯ ಮಟ್ಟಕ್ಕೆ ಬರಲು ಎಷ್ಟು ಗಂಟೆ ಬೇಕು ಎಂದು ನೋಡಿ. ದಿನಕ್ಕೆ ಎಷ್ಟು ಲೀಟರ್ ಒಸರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಮನೆಗೆ, ದನಕರುವಿಗೆ, ಆಳುಗಳ ಲೈನ್‌ಮನೆಗೆ ಬೇಕಾದಷ್ಟನ್ನು ಮೊದಲು ಕಳೆಯಿರಿ. ಉಳಿದದ್ದನ್ನು 200ರಿಂದ ಭಾಗಿಸಿ. ಎಷ್ಟು ಅತಿಥಿಗಳು ಎಂಬ ಸಂಖ್ಯೆ ಸಿಗುತ್ತದೆ. ಎಷ್ಟು ಹಾಸಿಗೆ ಇದೆ, ಎಷ್ಟು ಟೆಂಟ್ ಹಿಡಿಸುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಬೇಸಿಗೆಯ ಬಾವಿ ಹೇಳುವ ಸಂಖ್ಯೆಯೇ ನಿಮ್ಮ ಮಿತಿ.

ಈ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದ ದ್ವೀಪಗಳ ಗತಿ ಏನಾಯಿತು ನೋಡಿ. ಫಿಲಿಪ್ಪೀನ್ಸ್‌ನ ಬೊರಾಕಾಯ್ ಸುಮಾರು 10 ಚದರ ಕಿಲೋಮೀಟರ್‌ನ ದ್ವೀಪ. ಹೋಟೆಲ್‌ಗಳ ಕೊಳಚೆ ನೇರ ಸಮುದ್ರಕ್ಕೆ ಹೋಗುತ್ತಿತ್ತು. ಕೊನೆಗೆ 2018ರ ಏಪ್ರಿಲ್ 26ರಿಂದ ಆರು ತಿಂಗಳು ಸರ್ಕಾರ ಇಡೀ ದ್ವೀಪವನ್ನೇ ಪ್ರವಾಸಿಗರಿಗೆ ಮುಚ್ಚಿತು. ದುಡಿಮೆ ಕಳೆದುಕೊಂಡವರು ಅಲ್ಲಿನ ಅಡುಗೆಯವರು, ದೋಣಿಯವರು, ಅಂಗಡಿಯವರು. ಮತ್ತೆ ತೆರೆಯುವಾಗ ಒಂದು ಹೊತ್ತಿಗೆ 19,215 ಪ್ರವಾಸಿಗರು ಎಂದು ಮಿತಿ ಹಾಕಿದರು. ಥಾಯ್ಲೆಂಡ್‌ನ ಮಾಯಾ ಬೇ ಎಂಬ ಪುಟ್ಟ ಕೊಲ್ಲಿಗೆ ದಿನಕ್ಕೆ 5,000 ಜನರವರೆಗೆ ಬರುತ್ತಿದ್ದರು. ಹವಳದ ಬಹುಪಾಲು ಸತ್ತು ಹೋಯಿತು. 2018ರ ಜೂನ್‌ನಲ್ಲಿ ಮುಚ್ಚಿದ್ದು ತೆರೆದದ್ದು 2022ರ ಜನವರಿಯಲ್ಲಿ. ಈಗ ದೋಣಿಗಳು ಕೊಲ್ಲಿಯ ಒಳಗೆ ಬರುವ ಹಾಗಿಲ್ಲ, ದ್ವೀಪದ ಹಿಂಭಾಗದಲ್ಲಿ ಇಳಿದು ನಡೆದು ಬರಬೇಕು. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪ ಮಾತ್ರ ಕೆಡುವ ಮುಂಚೆಯೇ ಎಚ್ಚೆತ್ತುಕೊಂಡಿತು. ಅಲ್ಲಿ ಒಂದು ಹೊತ್ತಿಗೆ 400 ಪ್ರವಾಸಿಗರಿಗಿಂತ ಜಾಸ್ತಿ ಇರುವಂತಿಲ್ಲ. ಆ ದ್ವೀಪ ಬಡವಾಗಲಿಲ್ಲ.

ಈಗ ನಿಮ್ಮ ಹೊಳೆಯ ನಡುಗಡ್ಡೆಗೆ ಬರೋಣ. ಇದಕ್ಕೆ ನನ್ನ ಉತ್ತರ ನೇರ: ಬೇಡ. ಯಾವ ಮಾರ್ಪಾಡು ಮಾಡಿದರೂ ಬೇಡ.

ಮೊದಲು ಹಕ್ಕಿನ ಮಾತು. ಗಡ್ಡೆ ನಿಮ್ಮ ಗದ್ದೆ ಎದುರಿಗಿದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಹೊಳೆ, ಹೊಳೆಯ ಪಾತ್ರ ಸರ್ಕಾರದ ಸ್ವತ್ತು. ಸರ್ವೆ ನಕ್ಷೆಯಲ್ಲಿ ನಿಮ್ಮ ಗಡಿಕಲ್ಲು ಎಲ್ಲಿ ಮುಗಿಯುತ್ತದೆ ನೋಡಿಸಿ. ಅಲ್ಲಿ ಟೆಂಟ್ ಹಾಕಿ ದುಡ್ಡು ತೆಗೆದುಕೊಂಡರೆ ಒತ್ತುವರಿ ಕೇಸು ಬರುವುದು ನಿಮ್ಮ ಮೇಲೆ. ಏಜೆಂಟ್ ಹೆಸರು ಎಲ್ಲೂ ಇರುವುದಿಲ್ಲ.

ಎರಡನೆಯದು ಜೀವದ ಮಾತು. ತಲಕಾವೇರಿ, ಭಾಗಮಂಡಲದ ಕಡೆ ಜೋರು ಮಳೆ ಸುರಿದರೆ ನಿಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಕೆಲವೇ ಗಂಟೆಗಳಲ್ಲಿ ಹೊಳೆ ಏರುತ್ತದೆ. ಊರಿನವರಿಗೆ ನೀರಿನ ಬಣ್ಣ ನೋಡಿಯೇ ಗೊತ್ತಾಗುತ್ತದೆ. ಟೆಂಟಿನಲ್ಲಿ ಮಲಗಿದವರಿಗೆ ಗೊತ್ತಾಗುವುದಿಲ್ಲ. ಕುಶಾಲನಗರ ಹತ್ತಿರದ ಕಾವೇರಿ ನಿಸರ್ಗಧಾಮ ನಿಮಗೆ ಗೊತ್ತಲ್ಲ, ಅದೂ ಹೊಳೆ ನಡುವಿನ ದ್ವೀಪವೇ, ಸುಮಾರು 64 ಎಕರೆ. ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ, ತೂಗುಸೇತುವೆ ಇದೆ, ಕಾವಲಿನವರಿದ್ದಾರೆ. ಅಷ್ಟಿದ್ದರೂ ಕಾವೇರಿ ಉಕ್ಕಿದಾಗ ಬಾಗಿಲು ಹಾಕುತ್ತಾರೆ. ನಿಮ್ಮ ಗಡ್ಡೆಗೆ ಇರುವುದು ಒಂದು ತೆಪ್ಪ, ಒಂದು ಟಾರ್ಚ್. ರಾತ್ರಿ ಎರಡು ಗಂಟೆಗೆ, ಕುಡಿದು ಮಲಗಿದ 40 ಜನರನ್ನು ಯಾರು ದಾಟಿಸುತ್ತಾರೆ?

ಮೂರನೆಯದು ಶೌಚ. ಗಡ್ಡೆಯ ಮರಳಿನಲ್ಲಿ ಗುಂಡಿ ತೋಡಿದರೆ ಅದು ಕಾವೇರಿಗೆ ಬಿಟ್ಟ ಹಾಗೆಯೇ. ಕೆಳಗೆ ಬೇತ್ರಿ, ಸಿದ್ದಾಪುರ, ಕುಶಾಲನಗರದವರು ಇದೇ ಹೊಳೆಯನ್ನು ನಂಬಿಕೊಂಡಿದ್ದಾರೆ. ತುಲಾ ಸಂಕ್ರಮಣಕ್ಕೆ ನಾವು ತೀರ್ಥ ಎಂದು ತಲೆ ಮೇಲೆ ಹಾಕಿಕೊಳ್ಳುವ ನೀರೂ ಇದೇ ಅಲ್ವಾ?

ಐನ್‌ಮನೆ ವಿಷಯ ಇಷ್ಟು ನೇರ ಅಲ್ಲ. ಇಲ್ಲಿ ಎರಡು ತಪ್ಪು ಕಲ್ಪನೆ ಓಡಾಡುತ್ತಿವೆ. ‘ತೋರಿಸಿದರೆ ಸಂಸ್ಕೃತಿ ಉಳಿಯುತ್ತದೆ’ ಎನ್ನುವುದು ಒಂದು. ‘ಹೊರಗಿನವರು ನೋಡಿದರೆ ಸಾಕು, ಕೆಟ್ಟುಹೋಗುತ್ತದೆ’ ಎನ್ನುವುದು ಇನ್ನೊಂದು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಎರಡೂ ಪೂರ್ತಿ ನಿಜ ಆಗಿದ್ದು ನೋಡಿಲ್ಲ. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂದು ಯಾರು ತೀರ್ಮಾನ ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎಂಬುದರ ಮೇಲೆ ಎಲ್ಲಾ ನಿಂತಿದೆ.

ಬಾಲಿ ದ್ವೀಪದವರು ಇದನ್ನು ಹೇಗೆ ಬಿಡಿಸಿಕೊಂಡರು ಎಂಬುದನ್ನು ನಿಮ್ಮ ಮಾವನಿಗೂ ಮಗನಿಗೂ ಒಟ್ಟಿಗೆ ಕೂರಿಸಿ ಹೇಳಿ. ಬಾಲಿ ದ್ವೀಪ ವಿಸ್ತೀರ್ಣದಲ್ಲಿ ಕೊಡಗು ಜಿಲ್ಲೆಯ ಸುಮಾರು 1.4 ಪಟ್ಟು, ಅಷ್ಟೇ. ಪ್ರವಾಸಿಗರು ಹೆಚ್ಚಾಗಿ, ದೇವಸ್ಥಾನದ ಕುಣಿತಗಳನ್ನು ಹೋಟೆಲ್ ವೇದಿಕೆಗೆ ತರಲು ಶುರು ಮಾಡಿದಾಗ ಅಲ್ಲಿನ ಹಿರಿಯರಿಗೂ ಇದೇ ಕೋಪ ಬಂತು. 1971ರಲ್ಲಿ ಅಲ್ಲಿನ ಕಲಾವಿದರು, ಪಂಡಿತರು, ಅಧಿಕಾರಿಗಳು ಸೇರಿ ಕುಣಿತಗಳನ್ನು ಮೂರು ಬಗೆ ಮಾಡಿದರು. ದೇವಸ್ಥಾನದ ಒಳ ಆವರಣದಲ್ಲಿ ಪೂಜೆಯ ಭಾಗವಾಗಿ ನಡೆಯುವುದು ‘ವಾಲಿ’. ಹಬ್ಬದ ಜೊತೆ ಬರುವುದು ‘ಬೆಬಾಲಿ’. ಬರೀ ಸಂತೋಷಕ್ಕೆ ಕುಣಿಯುವುದು ‘ಬಾಲಿಹ್‌ಬಾಲಿಹಾನ್’. ಪ್ರವಾಸಿಗರ ವೇದಿಕೆಗೆ ಇದ್ದದ್ದು ಮೂರನೆಯದು, ಮೊದಲನೆಯದು ಅಲ್ಲಿಗೆ ಬರಕೂಡದು ಎಂದು ತೀರ್ಮಾನ. ಎಲ್ಲರೂ ಯಾವಾಗಲೂ ಅದನ್ನು ಪಾಲಿಸಿದರು ಎಂದು ನಾನು ಹೇಳುವುದಿಲ್ಲ. ಬಾಲಿಯಲ್ಲಿ ಗಲಾಟೆ, ಕಸ, ಟ್ರಾಫಿಕ್ ಎಲ್ಲಾ ಇದೆ. ಆದರೂ ಊರಿನವರ ಕೈಯಲ್ಲಿ ಒಂದು ಗೆರೆ ಇತ್ತು. ಯಾರಾದರೂ ದಾಟಿದರೆ ‘ದಾಟಿದ್ದೀಯ’ ಎಂದು ತೋರಿಸಲು ಆಗುತ್ತಿತ್ತು.

ಅದೇ ಬಾಲಿಯಲ್ಲಿ ನ್ಯೇಪಿ ಎಂಬ ಮೌನದ ದಿನ ಇದೆ. ಅವತ್ತು 24 ಗಂಟೆ ಬೀದಿಗೆ ಯಾರೂ ಇಳಿಯುವುದಿಲ್ಲ, ದೀಪ ಹೊರಗೆ ಕಾಣುವ ಹಾಗಿಲ್ಲ. ವಿಮಾನ ನಿಲ್ದಾಣವೂ ಬಂದ್. ಪ್ರವಾಸಿಗರು ಹೋಟೆಲ್ ಒಳಗೇ ಇರಬೇಕು. ಹಾಗೆಂದು ಜನ ಬಾಲಿಗೆ ಹೋಗುವುದನ್ನು ಬಿಟ್ಟರಾ? ಇಲ್ಲ. ನಿಯಮ ಖಚಿತವಾಗಿದ್ದರೆ, ಮುಂಚೆಯೇ ಹೇಳಿದ್ದರೆ ಅತಿಥಿಗಳು ಹೊಂದಿಕೊಳ್ಳುತ್ತಾರೆ. ನಮ್ಮವರು ಮಾತ್ರ ‘ಗೆಸ್ಟ್ ಬೇಜಾರಾದರೆ?’ ಎಂದು ಸುಮ್ನೆ ಹೆದರುತ್ತಾರೆ.

ನಿಮ್ಮ ಊರಿನ ಪಟ್ಟಿ ನಾನು ಬರೆಯಲಾರೆ, ಬರೆಯಬಾರದು ಕೂಡ. ಅದು ನಿಮ್ಮ ಒಕ್ಕದ ಪಟ್ಟೆದಾರರು (ಹಿರಿಯ ಯಜಮಾನರು), ಊರಿನ ತಕ್ಕಮುಖ್ಯಸ್ಥರು, ಕುಣಿಯುವ ಹೆಣ್ಣುಮಕ್ಕಳು, ಮಕ್ಕಳು ಎಲ್ಲಾ ಕೂತು ಮಾಡಬೇಕಾದದ್ದು. ಹೊರಗಿನವನಾಗಿ ನನಗೆ ಅನ್ನಿಸಿದ್ದು ಹೇಳುತ್ತೇನೆ. ನೆಲ್ಲಕ್ಕಿ ನಡುಬಾಡೆಯ (ಐನ್‌ಮನೆಯ ನಡುಕೋಣೆಯ) ದೀಪ, ಕೈಮಡ (ಪೂರ್ವಜರ ಗುಡಿ), ಕಾರೋಣರಿಗೆ (ಕುಲದ ಹಿರಿಯರಿಗೆ) ಮೀದಿ (ಎಡೆ) ಇಡುವುದು, ತೆರೆ (ದೈವದ ಕುಣಿತ), ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವ ಗಳಿಗೆ ಇವನ್ನು ಯಾವ ಬೆಲೆಗೂ ಪ್ಯಾಕೇಜಿಗೆ ಸೇರಿಸಬೇಡಿ. ಕಾವೇರಮ್ಮೆಯ ಹೆಸರಿನಲ್ಲಿ ಕುಣಿಯುವ ಉಮ್ಮತ್ತಾಟ್ ನಡುವಿನ ಜಾಗದ್ದು. ಅದನ್ನು ಈಗ ಸಭೆ ಸಮಾರಂಭಗಳಲ್ಲೂ ಕುಣಿಯುತ್ತಾರೆ. ಹಾಗಾಗಿ ಕುಣಿಯುವ ಹೆಂಗಸರನ್ನೇ ಕೇಳಿ: ಕುಡಿದು ಕೂತವರ ಮುಂದೆ, ಊಟ ಬಡಿಸುವಾಗ ಕುಣಿಯಲು ಅವರಿಗೆ ಒಪ್ಪಿಗೆಯೇ? ಒಪ್ಪಿಗೆ ಇಲ್ಲದಿದ್ದರೆ ಮಾತು ಮುಗಿಯಿತು. ಐನ್‌ಮನೆ ನಿಮ್ಮ ಗಂಡನ ಸ್ವಂತ ಆಸ್ತಿ ಅಲ್ಲ, ಒಕ್ಕದ ಎಲ್ಲರದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬರ ಸಹಿಯಿಂದ ಅದರ ಅಂಗಳ ಕೊಡಲು ಬರುವುದಿಲ್ಲ. ಮುಂದೆ ಅಣ್ಣತಮ್ಮಂದಿರ ಜಗಳಕ್ಕೆ ಇದೇ ಬೀಜ ಆಗುತ್ತದೆ.

ಇನ್ನೊಂದು ಮಾತು. ಕೊಡವರ ಉಡುಪಾದ ಕುಪ್ಯಚೇಲೆ, ಸೊಂಟದ ಪೀಚೆಕತ್ತಿ ಹಾಕಿಸಿ ಫೋಟೊ ತೆಗೆಯುವ ಬೇಡಿಕೆ ಬಂದೇ ಬರುತ್ತದೆ. ಮದುವೆಗೆ, ಹಬ್ಬಕ್ಕೆ, ಸಾವಿನ ಮನೆಗೆ ಗೌರವದಿಂದ ಉಡುವ ಬಟ್ಟೆ ಅದು. ಬಾಡಿಗೆಗೆ ಕೊಡಬೇಡಿ.

ಹಾಗಾದರೆ ಕೊಡಲು ಏನಿದೆ? ತುಂಬಾ ಇದೆ. ಕಡುಂಬುಟ್ಟು (ಅಕ್ಕಿ ಕಡುಬು) ಹೇಗೆ ಉಂಡೆ ಕಟ್ಟುತ್ತಾರೆ, ಕಾಚಂಪುಳಿ ಹಣ್ಣಿನಿಂದ ಹುಳಿ ಹೇಗೆ ಇಳಿಸುತ್ತಾರೆ, ಬೈಂಬಳೆ (ಕಳಲೆ) ಯಾಕೆ ನೀರಲ್ಲಿ ನೆನೆಸಿಡಬೇಕು, ಕಾಫಿ ಹಣ್ಣು ಕಣದಲ್ಲಿ ಎಷ್ಟು ದಿನ ಒಣಗಬೇಕು ಎಂಬುದೆಲ್ಲ ನಿಮಗೆ ದಿನನಿತ್ಯದ ಕೆಲಸ, ಪೇಟೆಯವರಿಗೆ ಹೊಸದು. ನಿಮ್ಮ ಮಾವ ಇಷ್ಟಪಟ್ಟರೆ ಸಂಜೆ ಜಗಲಿಯಲ್ಲಿ ಕೂತು ಊರಿನ ಕಥೆ ಹೇಳಲಿ. ಎಂಟು ಜನ ಅತಿಥಿಗಳು ಕೂತು ಕೇಳುತ್ತಾರೆ. 40 ಜನ ಕೇಳುವುದಿಲ್ಲ, ಸ್ಪೀಕರ್ ಕೇಳುತ್ತಾರೆ.

ದೇವರಕಾಡಿನ ಬಗ್ಗೆ ಬಾಲಿಗಿಂತ ಪಲಾವು ದೇಶದ ಮಾತು ಹತ್ತಿರ. ಪೆಸಿಫಿಕ್ ಸಾಗರದ ಆ ಸಣ್ಣ ದ್ವೀಪಗಳಲ್ಲಿ ‘ಬುಲ್’ ಎಂಬ ಹಳೆಯ ಪದ್ಧತಿ ಇದೆ. ಮೀನು ಕಡಿಮೆಯಾದರೆ ಊರಿನ ಮುಖ್ಯಸ್ಥರು ಆ ಜಾಗದಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ಈಗಿನ ಸಾಗರ ರಕ್ಷಣೆಯ ಕಾನೂನನ್ನು ಅವರು ಇದೇ ಪದ್ಧತಿಯ ಮೇಲೆ ಕಟ್ಟಿದರು. ಕೊಡಗಿನಲ್ಲಿ ದಾಖಲೆಗೆ ಸೇರಿದ ದೇವರಕಾಡುಗಳೇ 1,200ಕ್ಕೂ ಹೆಚ್ಚು ಇವೆ. ಅಯ್ಯಪ್ಪನ ಹೆಸರಲ್ಲಿ, ಭಗವತಿ ಹೆಸರಲ್ಲಿ ಕಡಿಯದೆ ಬಿಟ್ಟ ಕಾಡು ಅವು. ಎಷ್ಟೋ ಊರಿನ ತೋಡಿಗೆ ನೀರು ಬರುವುದೇ ಅಲ್ಲಿಂದ. ಒಳಗೆ ವಾರಕ್ಕೆ 40 ಜನ ನಡೆದರೆ ಮಣ್ಣು ಗಟ್ಟಿಯಾಗುತ್ತದೆ, ಸಸಿ ತುಳಿತಕ್ಕೆ ಸಿಗುತ್ತದೆ, ಬಾಟಲಿ ಉಳಿಯುತ್ತದೆ. ಕಾಡಿನ ಅಂಚಿನ ತನಕ ಕರೆದುಕೊಂಡು ಹೋಗಿ. ಅಲ್ಲೇ ನಿಲ್ಲಿಸಿ, ಯಾಕೆ ಒಳಗೆ ಹೋಗುವುದಿಲ್ಲ ಎಂದು ಹೇಳಿ.

ಹಾಡಿ ಭೇಟಿಯನ್ನು ಪಟ್ಟಿಯಿಂದ ಇವತ್ತೇ ತೆಗೆಸಿ. ಅಂಡಮಾನ್‌ನಲ್ಲಿ ಜಾರವಾ ಜನರ ಕಾಡಿನ ನಡುವೆ ಹೋಗುವ ರಸ್ತೆಯಲ್ಲಿ ಪ್ರವಾಸಿಗರು ಅವರನ್ನು ನೋಡಲೆಂದೇ ಗಾಡಿ ಮಾಡಿಕೊಂಡು ಹೋಗುತ್ತಿದ್ದರು. ಅವರನ್ನು ಕುಣಿಸುವ ವಿಡಿಯೊ 2012ರಲ್ಲಿ ಹೊರಬಂದಾಗ ಇಡೀ ದೇಶ ತಲೆತಗ್ಗಿಸಿತು. ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಜೇನು ಕುರುಬರ, ಯರವರ ಹಾಡಿಗೆ ಬಸ್ಸಿನಲ್ಲಿ ಜನರನ್ನು ಇಳಿಸಿ, ಹೇಳದೆ ಕೇಳದೆ ಮನೆಯೊಳಗೆ ಇಣುಕುವುದು ಅದಕ್ಕಿಂತ ಬೇರೆ ಅಲ್ಲ. ಆ ಹಾಡಿಯವರು ನಿಮ್ಮ ತೋಟದಲ್ಲೇ ಕೆಲಸ ಮಾಡುವವರಾದರೆ ‘ಬೇಡ’ ಎನ್ನಲು ಅವರಿಗೆ ಧೈರ್ಯ ಬರುವುದಿಲ್ಲ. ಅವರೇ ಮುಂದೆ ಬಂದು ಜೇನು ಮಾರುತ್ತೇವೆ, ಬುಟ್ಟಿ ಹೆಣೆಯುವುದು ಕಲಿಸುತ್ತೇವೆ ಎಂದರೆ ನಿಮ್ಮ ಮನೆಯಲ್ಲಿ ಜಾಗ ಕೊಡಿ. ಬೆಲೆ ಅವರು ಹೇಳಲಿ.

ದುಡ್ಡಿನ ಲೆಕ್ಕ ಬಿಟ್ಟು ಇಷ್ಟು ಹೊತ್ತು ಮಾತಾಡಿದೆ. ಸಾಲ ಇರುವ ಮನೆಗೆ ಅದು ದೊಡ್ಡ ವಿಷಯ. 40 ಜನಕ್ಕೆ 900ರಂತೆ ವಾರಾಂತ್ಯಕ್ಕೆ 36,000 ರೂಪಾಯಿ. ಕೇಳಲು ಚೆನ್ನಾಗಿದೆ. ಅದರಲ್ಲಿ ಎರಡು ಮೂರು ಹೊತ್ತಿನ ಊಟ, ಅಡುಗೆ ಆಳು, ಗ್ಯಾಸು, ಟ್ಯಾಂಕರ್ ನೀರು, ಶೌಚಾಲಯ, ಕುಣಿಯುವವರ ಸಂಭಾವನೆ, ಸೋಮವಾರ ಕಸ ಹೆಕ್ಕುವ ಕೂಲಿ ಕಳೆಯಿರಿ. ಎಷ್ಟು ಉಳಿಯುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿ. ಏಜೆಂಟ್ ಅದೇ ಪ್ಯಾಕೇಜನ್ನು ಗ್ರಾಹಕರಿಗೆ ಎಷ್ಟಕ್ಕೆ ಮಾರುತ್ತಾರೆ ಎಂದು ಕೇಳಿದ್ದೀರಾ? ಕೇಳಲೇಬೇಕು. ನಡುವಿನ ವ್ಯತ್ಯಾಸ ಬೆಂಗಳೂರಿನಲ್ಲೇ ಉಳಿಯುತ್ತದೆ. ನಿಮ್ಮ ನಾಲ್ಕು ಕೋಣೆಗೆ ಎಂಟು ಜನ ನೇರವಾಗಿ ಬಂದು, ಊಟ ಸೇರಿ ತಲೆಗೆ 2,500 ಕೊಟ್ಟರೆ 20,000. ಟೆಂಟ್ ಇಲ್ಲ, ಟ್ಯಾಂಕರ್ ಇಲ್ಲ, ವೇದಿಕೆ ಇಲ್ಲ. ಖರ್ಚು ಕಳೆದ ಮೇಲೆ ಎರಡರ ನಡುವೆ ನೀವು ಅಂದುಕೊಂಡಷ್ಟು ಅಂತರ ಇರಲಿಕ್ಕಿಲ್ಲ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಏಜೆಂಟ್ ಮಾತಿಗೆ ಒಪ್ಪುವುದು ಒಂದು. ಅದರ ಅಪಾಯ ಹೇಳಿಯಾಯಿತು. ಬರೆಯದ ಇನ್ನೊಂದು ಅಪಾಯ ಆನೆ. ರಾತ್ರಿ ಸದ್ದು, ಬೆಂಕಿ, ಕುಡಿದು ತೋಟದಲ್ಲಿ ಅಡ್ಡಾಡುವವರು, ಆನೆ ದಾಟುವ ಜಾಗ, ಇವೆಲ್ಲ ಒಟ್ಟಿಗೆ ಇರಲು ಸಾಧ್ಯವೇ ಇಲ್ಲ.

ಎಲ್ಲವನ್ನೂ ನಿಲ್ಲಿಸುವುದು ಇನ್ನೊಂದು. ನಿಮ್ಮ ಮಾವನಿಗೆ ಇದು ಸಮಾಧಾನ ಕೊಡಬಹುದು. ಆದರೆ ನೀವು ನಿಲ್ಲಿಸಿದ ಮಾತ್ರಕ್ಕೆ ಊರಿಗೆ ಜನ ಬರುವುದು ನಿಲ್ಲುವುದಿಲ್ಲ. ಪಕ್ಕದ ತೋಟ ಹೊರಗಿನವರಿಗೆ ಮಾರಾಟವಾಗಿ ದೊಡ್ಡ ರೆಸಾರ್ಟ್ ಬಂದರೆ ನಿಯಮ ಮಾಡುವವರು ಅವರಾಗುತ್ತಾರೆ. ಮಗನೂ ಊರು ಬಿಡುತ್ತಾನೆ.

ನನಗೆ ಸರಿ ಅನ್ನಿಸುವುದು ಮೂರನೆಯ ದಾರಿ. ಏಜೆಂಟ್ ಹೇಳಿದ 40 ಎಂಬ ಸಂಖ್ಯೆಯನ್ನೇ ಇಟ್ಟುಕೊಳ್ಳಿ, ಆದರೆ ಒಂದೇ ಜಾಗದಲ್ಲಿ ಬೇಡ. ಊರಿನಲ್ಲಿ ಐದು ಮನೆಯವರು ಸೇರಿ, ಮನೆಗೆ ಎಂಟು ಜನ. ಐದು ಬಾವಿ, ಐದು ಅಡುಗೆಮನೆ. ಯಾವ ಬಾವಿಯ ಅಳತೆ ಎಂಟಕ್ಕೆ ಸಾಲದೋ ಆ ಮನೆಗೆ ನಾಲ್ಕೇ ಜನ. ಬುಕಿಂಗ್ ಸರದಿಯ ಪ್ರಕಾರ ಹೋಗಲಿ. ಎಲ್ಲರೂ ಒಂದೇ ದರ ಇಡಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ದರ ಇಳಿಸುವ ಪೈಪೋಟಿ ಶುರುವಾಗುತ್ತದೆ. ತಲೆಗೆ ಇಷ್ಟು ಎಂದು ಊರಿನ ನಿಧಿಗೆ ತೆಗೆದಿಟ್ಟು ಕಸ ಸಾಗಿಸಲು, ದಾರಿ ರಿಪೇರಿಗೆ ಬಳಸಿ. ಐದೂ ಮನೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು. ಈ ದಾರಿಯಲ್ಲೂ ಅಪಾಯ ಇದೆ. ಸಾಮಾನ್ಯವಾಗಿ ಮುರಿಯುವುದು ಎರಡನೇ ವರ್ಷ. ಯಾರೋ ಒಬ್ಬರಿಗೆ ಜಾಸ್ತಿ ಗಿರಾಕಿ ಬರುತ್ತಾರೆ, ಇನ್ನೊಬ್ಬರು ನಿಯಮ ಬಿಟ್ಟು ಡಿಜೆ ಹಾಕಿಸುತ್ತಾರೆ. ಅದಕ್ಕೆ ನಿಯಮ ಮುರಿದವರ ಸರದಿ ಎಷ್ಟು ವಾರ ನಿಲ್ಲುತ್ತದೆ ಎಂದು ಮೊದಲ ದಿನವೇ, ಎಲ್ಲರೂ ಸ್ನೇಹದಲ್ಲಿ ಇರುವಾಗಲೇ ಬರೆದುಕೊಳ್ಳಿ.

ಅತಿಥಿಗಳಿಗೆ ಒಂದು ಪುಟದ ನಿಯಮ ಮಾಡಿ, ದುಡ್ಡು ತೆಗೆದುಕೊಳ್ಳುವ ಮೊದಲೇ ಕಳಿಸಿ. ಪಲಾವು 2017ರ ಡಿಸೆಂಬರ್‌ನಿಂದ ಬರುವ ಪ್ರತಿ ಪ್ರವಾಸಿಯ ಪಾಸ್‌ಪೋರ್ಟ್ ಮೇಲೆ ಒಂದು ಪ್ರತಿಜ್ಞೆ ಮುದ್ರೆ ಹಾಕಿ ಸಹಿ ಮಾಡಿಸುತ್ತದೆ. ಈ ದ್ವೀಪಗಳನ್ನು ಕೆಡಿಸುವುದಿಲ್ಲ ಎಂದು ಅಲ್ಲಿನ ಮಕ್ಕಳಿಗೆ ಕೊಡುವ ಮಾತು ಅದು. ನಿಮಗೆ ಅಷ್ಟು ಬೇಡ. ಎಲ್ಲಿ ಚಪ್ಪಲಿ ಬಿಡಬೇಕು, ಯಾರ ಫೋಟೊ ಕೇಳದೆ ತೆಗೆಯಬಾರದು, ಎಷ್ಟು ಗಂಟೆಯ ಮೇಲೆ ಹೊರಗೆ ಹೋಗಬಾರದು, ತಂದ ಬಾಟಲಿ ವಾಪಸ್ ಒಯ್ಯಬೇಕು, ಇಷ್ಟು ಸಾಕು. ಓದಿ ಬೇಡ ಎನ್ನುವವರು ಬರದೇ ಇರುವುದೇ ನಿಮಗೆ ಲಾಭ.

ವರ್ಷದಲ್ಲಿ ಕೆಲವು ತಿಂಗಳು ಮುಚ್ಚಿ. ಮಾಯಾ ಬೇಯನ್ನು ಈಗಲೂ ಪ್ರತಿ ವರ್ಷ ಎರಡು ತಿಂಗಳು ಮುಚ್ಚುತ್ತಾರೆ. ನಿಮಗೆ ಜೂನ್‌ನಿಂದ ಆಗಸ್ಟ್ ಕೊನೆ ತನಕ ಸರಿಯಾದ ಸಮಯ. 2018ರ ಆಗಸ್ಟ್ ನೆನಪಿದೆಯಲ್ಲ. ಆಗ ಗುಡ್ಡ ಕುಸಿದದ್ದಕ್ಕೆ ‘ಪ್ರವಾಸಿಗರೇ ಕಾರಣ’ ಎಂದು ಕೆಲವರು, ‘ಬರೀ ಮಳೆ’ ಎಂದು ಕೆಲವರು ಹೇಳಿದರು. ಹದ ಮೀರಿದ ಮಳೆ ಮುಖ್ಯ ಕಾರಣ. ಆದರೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ನೆಟ್ಟಗೆ ಕಡಿದ ಕಡೆ, ನೀರು ಹೋಗುವ ದಾರಿ ಮುಚ್ಚಿದ ಕಡೆ ಗುಡ್ಡಕ್ಕೆ ಹಿಡಿತ ತಪ್ಪುವುದು ಸುಲಭ. ಹೊಸ ಕೋಣೆ ಕಟ್ಟಲು ಮನೆ ಹಿಂದಿನ ಬರೆ (ಮಣ್ಣಿನ ಇಳಿಜಾರು) ಕಡಿಯಬೇಡಿ. ಗದ್ದೆಗೆ ಮಣ್ಣು ತುಂಬಿಸಿ ಪಾರ್ಕಿಂಗ್ ಮಾಡಬೇಡಿ, ನಿಮ್ಮ ಬಾವಿಗೆ ನೀರು ಇಳಿಯುವುದೇ ಆ ಗದ್ದೆಯಿಂದ. ಜೋರು ಮಳೆಯ ಕಕ್ಕಡ ತಿಂಗಳು ಮನೆಯವರಿಗೇ ಇರಲಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ದಿನಗಳಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಒಕ್ಕ ತೀರ್ಮಾನ ಮಾಡಲಿ.

ಏಜೆಂಟ್ ಜೊತೆ ಜಗಳ ಬೇಡ. ಈ ಐದು ಮನೆಯ ಲೆಕ್ಕವನ್ನು ಅವರ ಮುಂದೆ ಇಡಿ. ಒಪ್ಪಂದ ಒಂದು ವರ್ಷಕ್ಕೆ ಮಾತ್ರ ಇರಲಿ. ಬೇರೆಯವರಿಂದ ಅತಿಥಿಗಳನ್ನು ತೆಗೆದುಕೊಳ್ಳಬಾರದು ಎಂಬ ಷರತ್ತು ಇದ್ದರೆ ಹೊಡೆದು ಹಾಕಿಸಿ. ಜಾಹೀರಾತಿನಲ್ಲಿ ಐನ್‌ಮನೆ, ಕೈಮಡ, ಹಾಡಿಯ ಚಿತ್ರ ಬಳಸುವ ಹಾಗಿಲ್ಲ ಎಂದು ಬರೆಸಿ. ಅರ್ಧ ಹಣ ಮುಂಗಡ ಬರಬೇಕು. ಅವರು ಒಪ್ಪದಿದ್ದರೆ ಒಪ್ಪುವ ಇನ್ನೊಬ್ಬರು ಸಿಗುತ್ತಾರೆ. ಚಿಕ್ಕ ಗುಂಪುಗಳನ್ನೇ ಕರೆತರುವವರೂ ಈ ಕೆಲಸದಲ್ಲಿ ಇದ್ದಾರೆ.

ಸಾಲದ ಕಂತಿಗೆ ಹೆದರಿ ಆತುರದಲ್ಲಿ ಸಹಿ ಮಾಡಬೇಡಿ. ಬ್ಯಾಂಕಿಗೆ ಹೋಗಿ, ಮಳೆಗಾಲದಲ್ಲಿ ಹೋಂಸ್ಟೇ ಆದಾಯ ಇರುವುದಿಲ್ಲ, ಕಾಫಿ ಮಾರಾಟದ ತಿಂಗಳಿಗೆ ಕಂತು ಹೊಂದಿಸಿ ಕೊಡಿ ಎಂದು ಲಿಖಿತವಾಗಿ ಕೇಳಿ. ಬಾವಿ ಅಳೆಯುವ ಕೆಲಸವನ್ನು ಮಗನಿಗೆ ಒಪ್ಪಿಸಿ. ತೋರಿಸಬಾರದ್ದು ಯಾವುದು ಎಂಬ ಪಟ್ಟಿಯನ್ನು ಮಾವ ಶುರು ಮಾಡಲಿ. ಎರಡೂ ಕೈಗೆ ಬಂದ ಮೇಲೆ ಊರಿನ ಉಳಿದ ನಾಲ್ಕು ಮನೆಯವರನ್ನು ಕರೆದು ಮಾತಾಡಿ.